ಕೊಲೆ ಪ್ರಕರಣಗಳಲ್ಲಿ ಖಾಸಗಿ ರಕ್ಷಣೆಯ ಹಕ್ಕು ಮತ್ತು ಅಪರಾಧಿಕ ಮೇಲ್ಮನವಿ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೊಲೆಯ ಆಪಾದನೆಯ ಮೇಲೆ ಸೆಷನ್ಸ್ ನ್ಯಾಯಾಲಯವು ಒಬ್ಬ ವ್ಯಕ್ತಿಯನ್ನು ಅಪರಾಧಿಯೆಂದು ನಿರ್ಣಯಿಸಿ ಜೀವಾವಧಿ ಶಿಕ್ಷೆ ವಿಧಿಸಿದಾಗ, ಆತನ ಕುಟುಂಬದವರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದೂ ಕೊಲೆಯೇ ಎಂಬುದು ಮೊದಲನೆಯದು. ಮೇಲಿನ ನ್ಯಾಯಾಲಯವು ಈ ವಿಷಯವನ್ನು ಮೊದಲಿನಿಂದ ನೋಡುತ್ತದೆಯೇ ಎಂಬುದು ಎರಡನೆಯದು. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಎರಡೂ ಪ್ರಶ್ನೆಗಳಿಗೆ ಕಾನೂನು ನೀಡುವ ಉತ್ತರವನ್ನು ಇಲ್ಲಿ ವಿವರಿಸಲಾಗಿದೆ.

ಸಂಕ್ಷೇಪವಾಗಿ ಹೇಳುವುದಾದರೆ, ನಿಜವಾದ ಆತ್ಮರಕ್ಷಣೆಯು ಅಪರಾಧವಲ್ಲ. ನಮ್ಮ ದೇಶದಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲದಿರುವುದರಿಂದ ಮೇಲ್ಮನವಿಯಲ್ಲಿ ಕಾನೂನಿನ ಪ್ರಶ್ನೆಯಷ್ಟೇ ಅಲ್ಲ, ಇಡೀ ಸಾಕ್ಷ್ಯವೇ ಮರುಪರಿಶೀಲನೆಗೆ ಒಳಪಡುತ್ತದೆ. ಆದರೆ ಆ ಪರಿಶೀಲನೆಯು ವಿಚಾರಣೆಯ ಕಾಲದಲ್ಲಿ ದಾಖಲೆಗೆ ಬಂದ ಸಾಕ್ಷ್ಯವನ್ನೇ ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆದುದರಿಂದ ಘಟನೆಯ ದಿನದಿಂದಲೇ ಕಾಗದಪತ್ರಗಳ ಬಗ್ಗೆ ಎಚ್ಚರ ವಹಿಸುವುದು ಅವಶ್ಯಕ.

2. ಅನ್ವಯವಾಗುವ ಕಾನೂನು

ದಿನಾಂಕ 1-7-2024ರಿಂದ ಭಾರತೀಯ ದಂಡ ಸಂಹಿತೆ, 1860ರ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, 2023. ದಂಡ ಪ್ರಕ್ರಿಯಾ ಸಂಹಿತೆ, 1973ರ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023. ಹಾಗೂ ಭಾರತೀಯ ಸಾಕ್ಷ್ಯ ಅಧಿನಿಯಮ, 1872ರ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿವೆ. ಆ ದಿನಾಂಕಕ್ಕಿಂತ ಮುಂಚೆ ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಆ ದಿನ ಬಾಕಿ ಇದ್ದ ಮೇಲ್ಮನವಿಗಳು ಹಳೆಯ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ. ತೀರ್ಪಿನ ಪ್ರತಿಯಲ್ಲಿ ಕಾಣುವ ಕಲಮುಗಳನ್ನು ಗುರುತಿಸಲು ಅನುಕೂಲವಾಗುವಂತೆ ಮುಖ್ಯ ಕಲಮುಗಳನ್ನು ಕೆಳಗೆ ಕೊಡಲಾಗಿದೆ.

– ಖಾಸಗಿ ರಕ್ಷಣೆಯ ಹಕ್ಕು: ಹಳೆಯ ಕಲಂ 96ರಿಂದ 106, ಹೊಸ ಕಲಂ 34ರಿಂದ 44
– ಕೊಲೆಯ ವ್ಯಾಖ್ಯೆ ಮತ್ತು ಅದರ ವಿನಾಯಿತಿಗಳು: ಹಳೆಯ ಕಲಂ 300, ಹೊಸ ಕಲಂ 101
– ಕೊಲೆಗೆ ಶಿಕ್ಷೆ: ಹಳೆಯ ಕಲಂ 302, ಹೊಸ ಕಲಂ 103
– ಕೊಲೆಯೆನಿಸದ ದಂಡನೀಯ ಮಾನವ ಹತ್ಯೆಗೆ ಶಿಕ್ಷೆ: ಹಳೆಯ ಕಲಂ 304, ಹೊಸ ಕಲಂ 105
– ವಿನಾಯಿತಿಯನ್ನು ರುಜುವಾತುಪಡಿಸುವ ಹೊಣೆ: ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 105, ಹೊಸದರ ಕಲಂ 108
– ಅಪರಾಧ ನಿರ್ಣಯದ ವಿರುದ್ಧ ಮೇಲ್ಮನವಿ: ಹಳೆಯ ಪ್ರಕ್ರಿಯಾ ಸಂಹಿತೆಯ ಕಲಂ 374, ಹೊಸದರ ಕಲಂ 415

3. ಖಾಸಗಿ ರಕ್ಷಣೆಯ ಹಕ್ಕು ಎಂದರೇನು

ಜನರು ಆತ್ಮರಕ್ಷಣೆ ಎಂದು ಕರೆಯುವುದನ್ನು ಕಾನೂನು ‘ಖಾಸಗಿ ರಕ್ಷಣೆಯ ಹಕ್ಕು’ ಎಂದು ಕರೆಯುತ್ತದೆ. ಪ್ರತಿಯೊಬ್ಬ ವ್ಯಕ್ತಿಗೂ ತನ್ನ ಅಥವಾ ಬೇರೊಬ್ಬರ ದೇಹವನ್ನು ಹಾಗೂ ತನ್ನ ಅಥವಾ ಬೇರೊಬ್ಬರ ಸ್ವತ್ತನ್ನು ಕಾನೂನುಬಾಹಿರ ದಾಳಿಯಿಂದ ರಕ್ಷಿಸಿಕೊಳ್ಳುವ ಹಕ್ಕಿದೆ. ಈ ಹಕ್ಕನ್ನು ಅದರ ಮಿತಿಯೊಳಗೆ ಚಲಾಯಿಸಿದರೆ ಆ ಕೃತ್ಯವು ಅಪರಾಧವೇ ಆಗುವುದಿಲ್ಲ.

ಎದುರಾಳಿಯ ಮರಣವನ್ನುಂಟುಮಾಡುವವರೆಗೂ ಈ ಹಕ್ಕು ವಿಸ್ತರಿಸುವ ಸಂದರ್ಭಗಳನ್ನು ಕಾನೂನು ಎಣಿಸಿ ಹೇಳಿದೆ. ದೇಹದ ಮೇಲಿನ ದಾಳಿಯಲ್ಲಿ ಪ್ರಾಣಹಾನಿಯ ಅಥವಾ ತೀವ್ರ ಗಾಯದ ಸಕಾರಣ ಭಯವಿರುವುದು, ಅತ್ಯಾಚಾರದ ಅಥವಾ ಅಪಹರಣದ ಉದ್ದೇಶದ ದಾಳಿ, ಆಮ್ಲ ದಾಳಿ ಮೊದಲಾದವು ಇದರಲ್ಲಿ ಸೇರುತ್ತವೆ. ಸ್ವತ್ತಿನ ವಿಷಯದಲ್ಲಿ ದರೋಡೆ, ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯಕ್ಕೆ ಮುನ್ನ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿ ಹಚ್ಚುವುದು ಹಾಗೂ ಪ್ರಾಣಭಯ ಅಥವಾ ತೀವ್ರ ಗಾಯದ ಭಯವನ್ನುಂಟುಮಾಡುವ ಕಳ್ಳತನ, ಕಿಡಿಗೇಡಿ ಕೃತ್ಯ ಅಥವಾ ಗೃಹ ಅತಿಕ್ರಮಣ ಸೇರುತ್ತವೆ. ಹೊಲದ ಬದು ಕಿತ್ತದ್ದು, ಬೆಳೆಗೆ ದನ ಬಿಟ್ಟದ್ದು, ದಾರಿಗೆ ಮುಳ್ಳು ಹಾಕಿದ್ದು ಇವುಗಳಷ್ಟೇ ಕಾರಣವಾದರೆ ಯಾರ ಪ್ರಾಣವನ್ನೂ ತೆಗೆಯುವ ಹಕ್ಕು ಹುಟ್ಟುವುದಿಲ್ಲ ಎಂಬುದನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು.

ದಾಳಿ ನಡೆದೇ ಹೋಗುವವರೆಗೆ ಕಾಯಬೇಕೆಂದು ಕಾನೂನು ಹೇಳುವುದಿಲ್ಲ. ಅಮ್ಜದ್ ಖಾನ್ ಪ್ರಕರಣದಲ್ಲಿ (1952) ಗುಂಪೊಂದು ಅದೇ ಕಟ್ಟಡದಲ್ಲಿದ್ದ ಸಹೋದರನ ಅಂಗಡಿಯನ್ನು ಲೂಟಿ ಮಾಡಿ, ಆರೋಪಿಯ ಅಂಗಡಿಯ ಬಾಗಿಲನ್ನು ಬಡಿಗೆಗಳಿಂದ ಬಡಿಯುತ್ತಿತ್ತು. ಬಾಗಿಲು ಮುರಿದು ಒಳನುಗ್ಗುವವರೆಗೆ ಆತನು ಕಾಯಬೇಕಾಗಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿ, ಆತನನ್ನು ಬಿಡುಗಡೆ ಮಾಡಿತು.

4. ಹಕ್ಕಿನ ಮಿತಿಗಳು

ಈ ಹಕ್ಕಿಗೆ ಮುಖ್ಯವಾಗಿ ಮೂರು ಮಿತಿಗಳಿವೆ.

(ಅ) ಪೊಲೀಸರ ಅಥವಾ ಇತರ ಸಾರ್ವಜನಿಕ ಪ್ರಾಧಿಕಾರದ ರಕ್ಷಣೆ ಪಡೆಯಲು ಸಮಯಾವಕಾಶ ಇದ್ದಾಗ ಈ ಹಕ್ಕು ಲಭ್ಯವಿರುವುದಿಲ್ಲ.

(ಆ) ರಕ್ಷಣೆಗೆ ಅವಶ್ಯವಿರುವುದಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡುವಂತಿಲ್ಲ.

(ಇ) ಅಪಾಯದ ಸಕಾರಣ ಭಯ ಹುಟ್ಟಿದಾಗ ಹಕ್ಕು ಪ್ರಾರಂಭವಾಗಿ, ಆ ಭಯ ಇರುವವರೆಗೆ ಮಾತ್ರ ಮುಂದುವರಿಯುತ್ತದೆ. ದಾಳಿಕೋರನು ಓಡಿಹೋದ ಮೇಲೆ ಅಥವಾ ಶಸ್ತ್ರ ಕಳೆದುಕೊಂಡು ನೆಲಕ್ಕೆ ಬಿದ್ದ ಮೇಲೆ ಹೊಡೆಯುವುದು ರಕ್ಷಣೆಯಲ್ಲ, ಸೇಡು.

ಎರಡನೆಯ ಮಿತಿಯನ್ನು ತಕ್ಕಡಿಯಲ್ಲಿ ತೂಗುವಂತೆ ಅನ್ವಯಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ಅನೇಕ ಬಾರಿ ಹೇಳಿದೆ. ಉತ್ತರ ಪ್ರದೇಶದ ದೇವ್ ನಾರಾಯಣ್ ಪ್ರಕರಣದಲ್ಲಿ (1973) ಜಮೀನಿನ ಜಗಳದಲ್ಲಿ ಆರೋಪಿಯ ತಲೆಗೆ ಮೊದಲು ಲಾಠಿ ಏಟು ಬಿದ್ದಿತ್ತು. ಆತನು ಭರ್ಜಿಯಿಂದ ತಿವಿದನು. ಲಾಠಿಗೆ ಭರ್ಜಿ ಬಳಸಿದ್ದು ಮಿತಿ ಮೀರಿದ್ದೆಂದು ಉಚ್ಚ ನ್ಯಾಯಾಲಯವು ಶಿಕ್ಷೆ ವಿಧಿಸಿತ್ತು. ತಲೆಗೆ ಬೀಳುವ ಲಾಠಿ ಏಟೂ ಪ್ರಾಣ ತೆಗೆಯಬಲ್ಲದು, ಅಂತಹ ಕ್ಷಣದಲ್ಲಿ ಆಯುಧಗಳನ್ನು ಹೋಲಿಸಿ ನೋಡುವ ನಿರೀಕ್ಷೆ ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಪಡಿಸಿತು.

5. ಮಿತಿ ಮೀರಿದಾಗ ಏನಾಗುತ್ತದೆ

ಮಿತಿ ಮೀರಿದ ಪ್ರತಿಯೊಂದು ಪ್ರಕರಣವೂ ಕೊಲೆಯಾಗುವುದಿಲ್ಲ. ಖಾಸಗಿ ರಕ್ಷಣೆಯ ಹಕ್ಕು ಇದ್ದು, ಅದನ್ನು ಸದ್ಭಾವನೆಯಿಂದ, ಪೂರ್ವಯೋಜನೆಯಿಲ್ಲದೆ ಮತ್ತು ಅವಶ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ ಮೀರಿದ್ದರೆ, ಕೊಲೆಯ ವ್ಯಾಖ್ಯೆಯ ಎರಡನೆಯ ವಿನಾಯಿತಿಯ ಪ್ರಕಾರ ಅದು ಕೊಲೆಯೆನಿಸದ ದಂಡನೀಯ ಮಾನವ ಹತ್ಯೆಯಾಗುತ್ತದೆ.

ಈ ವ್ಯತ್ಯಾಸವು ಕಾಗದದ ಮೇಲಿನದಷ್ಟೇ ಅಲ್ಲ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಮಾತ್ರ ಇದೆ. ಅದಕ್ಕಿಂತ ಕಡಿಮೆ ಶಿಕ್ಷೆ ವಿಧಿಸಲು ನ್ಯಾಯಾಧೀಶರಿಗೂ ಅಧಿಕಾರವಿಲ್ಲ. ಹೊಸ ಸಂಹಿತೆಯ ಕಲಂ 105ರಡಿ ಉದ್ದೇಶಪೂರ್ವಕ ಕೃತ್ಯವಾದರೆ ಜೀವಾವಧಿ ಅಥವಾ 5 ವರ್ಷಕ್ಕೆ ಕಡಿಮೆಯಲ್ಲದ ಮತ್ತು 10 ವರ್ಷಗಳವರೆಗಿನ ಕಾರಾವಾಸ, ತಿಳಿವಳಿಕೆ ಮಾತ್ರ ಇದ್ದರೆ 10 ವರ್ಷಗಳವರೆಗಿನ ಕಾರಾವಾಸ ವಿಧಿಸಬಹುದು. ಹೀಗೆ ಒಂದೇ ಘಟನೆಯು ಸಾಕ್ಷ್ಯದ ಮೌಲ್ಯಮಾಪನವನ್ನು ಅನುಸರಿಸಿ ಬಿಡುಗಡೆ, ಕೆಲವು ವರ್ಷಗಳ ಸಜೆ, ಜೀವಾವಧಿ ಎಂಬ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಕೊನೆಗೊಳ್ಳಬಹುದು. ಕೊಲೆ ಪ್ರಕರಣಗಳ ಮೇಲ್ಮನವಿಗಳಲ್ಲಿ ವಾದವು ಬಹುತೇಕ ಈ ಮೂರರ ನಡುವೆಯೇ ನಡೆಯುತ್ತದೆ.

6. ರುಜುವಾತಿನ ಹೊಣೆ ಯಾರದು

ಆರೋಪಿಯೇ ಕೃತ್ಯವೆಸಗಿದನೆಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತುಪಡಿಸುವ ಹೊಣೆ ಸದಾ ಅಭಿಯೋಜನೆಯ ಮೇಲಿರುತ್ತದೆ. ತನ್ನ ಕೃತ್ಯವು ವಿನಾಯಿತಿಯೊಳಗೆ ಬರುತ್ತದೆಂದು ತೋರಿಸುವ ಹೊಣೆ ಮಾತ್ರ ಆರೋಪಿಯ ಮೇಲಿರುತ್ತದೆ. ಆದರೆ ಈ ಎರಡು ಹೊಣೆಗಳ ಅಳತೆ ಒಂದೇ ಅಲ್ಲ. ಆರೋಪಿಯು ತನ್ನ ಹೇಳಿಕೆಯು ಸಂಭವನೀಯವೆಂದು ತೋರಿಸಿದರೆ ಸಾಕು. ಅಭಿಯೋಜನೆಯಂತೆ ಸಂಶಯಾತೀತವಾಗಿ ಸ್ಥಾಪಿಸಬೇಕಾಗಿಲ್ಲ. ಇದಕ್ಕಾಗಿ ಪ್ರತ್ಯೇಕ ಸಾಕ್ಷಿಗಳನ್ನು ಕರೆಸಲೇಬೇಕೆಂದೂ ಇಲ್ಲ. ಅಭಿಯೋಜನೆಯ ಸಾಕ್ಷಿಗಳ ಪಾಟೀಸವಾಲಿನಿಂದ, ವೈದ್ಯರ ಹೇಳಿಕೆಯಿಂದ ಅಥವಾ ಸ್ಥಳ ಪಂಚನಾಮೆಯಿಂದಲೂ ಅದನ್ನು ತೋರಿಸಬಹುದು.

ಮುನ್ಷಿ ರಾಮ್ ಪ್ರಕರಣದ (1968) ತೀರ್ಪಿನ ನಂತರ ಇನ್ನೊಂದು ತತ್ವವೂ ಸ್ಥಿರವಾಗಿದೆ. ಆರೋಪಿಯು ಖಾಸಗಿ ರಕ್ಷಣೆಯ ಹಕ್ಕನ್ನು ಸ್ಪಷ್ಟವಾಗಿ ಕೋರದಿದ್ದರೂ, ದಾಖಲೆಯಲ್ಲಿರುವ ಸಾಕ್ಷ್ಯದಿಂದ ಅದು ಕಂಡುಬಂದರೆ ನ್ಯಾಯಾಲಯವು ಅದನ್ನು ಪರಿಗಣಿಸಬೇಕು. ‘ನಾನು ಅಲ್ಲಿರಲೇ ಇಲ್ಲ’ ಎಂದು ಭಯದಿಂದ ಹೇಳಿದ ಆರೋಪಿಗೂ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೂ ಸುಳ್ಳು ಪ್ರತಿವಾದವು ನಿಜವಾದ ಪ್ರತಿವಾದವನ್ನು ದುರ್ಬಲಗೊಳಿಸುವುದರಿಂದ, ಮೊದಲಿನಿಂದಲೂ ನಡೆದದ್ದನ್ನು ನಡೆದಂತೆ ವಕೀಲರಿಗೆ ತಿಳಿಸುವುದು ಹಿತಕರ.

ದರ್ಶನ್ ಸಿಂಗ್ ಪ್ರಕರಣದಲ್ಲಿ (2010) ಸರ್ವೋಚ್ಚ ನ್ಯಾಯಾಲಯವು ಈ ಹಕ್ಕಿಗೆ ಸಂಬಂಧಿಸಿದ ಹತ್ತು ತತ್ವಗಳನ್ನು ಕ್ರೋಡೀಕರಿಸಿದೆ. ಜಮೀನಿನ ವ್ಯಾಜ್ಯದಿಂದ ಹುಟ್ಟಿದ ಆ ಪ್ರಕರಣದಲ್ಲಿ ತಂದೆಯ ಮೇಲೆ ದಾಳಿ ನಡೆದಾಗ ಮಗನು ಗುಂಡು ಹಾರಿಸಿದ್ದನು. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತ್ತು, ಉಚ್ಚ ನ್ಯಾಯಾಲಯ ಕೊಲೆಗೆ ಶಿಕ್ಷಿಸಿತ್ತು, ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಡುಗಡೆ ಮಾಡಿತು. ಒಂದೇ ಸಾಕ್ಷ್ಯವನ್ನು ಮೂರು ನ್ಯಾಯಾಲಯಗಳು ಓದಿದ ಬಗೆ ಹೇಗೆ ಬೇರೆಯಾಗಬಹುದೆಂಬುದಕ್ಕೆ ಇದು ನಿದರ್ಶನ.

7. ಜ್ಯೂರಿಗೆ ನೀಡುತ್ತಿದ್ದ ನಿರ್ದೇಶನ ಮತ್ತು ಇಂದಿನ ತೀರ್ಪು

ವಿದೇಶಗಳ ಸುದ್ದಿ ಓದುವವರು, ನ್ಯಾಯಾಧೀಶರು ಜ್ಯೂರಿಗೆ ಆತ್ಮರಕ್ಷಣೆಯ ಬಗ್ಗೆ ತಪ್ಪು ನಿರ್ದೇಶನ ನೀಡಿದರೆಂಬ ಕಾರಣಕ್ಕೆ ಕೊಲೆಯ ಶಿಕ್ಷೆಗಳು ರದ್ದಾಗುವುದನ್ನು ಗಮನಿಸಿರಬಹುದು. ಜ್ಯೂರಿ ಎಂದರೆ ಸಾಮಾನ್ಯ ನಾಗರಿಕರಿಂದ ಆಯ್ದ ತೀರ್ಪುಗಾರರ ಮಂಡಳಿ. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಕಾನೂನನ್ನು ಮಂಡಳಿಗೆ ವಿವರಿಸುತ್ತಾರೆ, ಮಂಡಳಿಯು ತಪ್ಪಿತಸ್ಥ ಹೌದೋ ಅಲ್ಲವೋ ಎಂದಷ್ಟೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಆತ್ಮರಕ್ಷಣೆಯ ವಿಷಯವು ಸಾಕ್ಷ್ಯದಲ್ಲಿ ಎದ್ದ ಮೇಲೆ, ಅದು ಆತ್ಮರಕ್ಷಣೆಯಲ್ಲವೆಂದು ಅಭಿಯೋಜನೆಯೇ ರುಜುವಾತುಪಡಿಸಬೇಕು. ಇದನ್ನು ಜ್ಯೂರಿಗೆ ಸರಿಯಾಗಿ ಹೇಳದಿದ್ದರೆ ಅದು ಮೇಲ್ಮನವಿಗೆ ಕಾರಣವಾಗುತ್ತದೆ.

ನಮ್ಮಲ್ಲಿಯೂ ಹಿಂದೆ ಜ್ಯೂರಿ ಇತ್ತು. ದಂಡ ಪ್ರಕ್ರಿಯಾ ಸಂಹಿತೆ, 1898ರಡಿ ಸರ್ಕಾರವು ಅಧಿಸೂಚಿಸಿದ ಜಿಲ್ಲೆಗಳಲ್ಲಿ ಸೆಷನ್ಸ್ ವಿಚಾರಣೆಗಳು ಜ್ಯೂರಿಯ ಮುಂದೆ ನಡೆಯುತ್ತಿದ್ದವು. ಜ್ಯೂರಿಯ ವಿಚಾರಣೆಯಾದ ಪ್ರಕರಣಗಳಲ್ಲಿ ಮೇಲ್ಮನವಿಯು ಸಾಮಾನ್ಯವಾಗಿ ಕಾನೂನಿನ ಪ್ರಶ್ನೆಗೆ ಸೀಮಿತವಾಗಿತ್ತು. ನ್ಯಾಯಾಧೀಶರ ತಪ್ಪು ನಿರ್ದೇಶನದಿಂದ ಅಥವಾ ಕಾನೂನನ್ನು ಜ್ಯೂರಿಯು ತಪ್ಪಾಗಿ ತಿಳಿದುದರಿಂದ ನಿರ್ಣಯವು ದೋಷಪೂರಿತವಾಗಿದ್ದ ಹೊರತು ಅದನ್ನು ಬದಲಿಸುವಂತಿರಲಿಲ್ಲ. ಆದುದರಿಂದ ಮೇಲ್ಮನವಿದಾರನ ಭವಿಷ್ಯವೆಲ್ಲ ಆ ನಿರ್ದೇಶನದ ಮಾತುಗಳ ಮೇಲೆ ನಿಲ್ಲುತ್ತಿತ್ತು.

ಈ ವಿಷಯದಲ್ಲಿ ದೇಶದಾದ್ಯಂತ ಪ್ರಸಿದ್ಧವಾದುದು ನಾನಾವತಿ ಪ್ರಕರಣ. 1956ರ ನವೆಂಬರ್ 1ರವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಒಳಗೊಂಡ ಧಾರವಾಡ ಜಿಲ್ಲೆಯು ಯಾವ ಮುಂಬಯಿ ರಾಜ್ಯಕ್ಕೆ ಸೇರಿತ್ತೋ, ಆ ರಾಜ್ಯದ ಮುಂಬಯಿ ನಗರದಲ್ಲಿ 1959ರ ಏಪ್ರಿಲ್ 27ರಂದು ನೌಕಾದಳದ ಅಧಿಕಾರಿ ಕೆ.ಎಂ. ನಾನಾವತಿಯವರ ಗುಂಡಿಗೆ ಪ್ರೇಮ್ ಅಹುಜಾ ಎಂಬುವವರು ಬಲಿಯಾದರು. ಪಿಸ್ತೂಲಿಗಾಗಿ ನಡೆದ ಸೆಣಸಾಟದಲ್ಲಿ ಗುಂಡು ಆಕಸ್ಮಿಕವಾಗಿ ಹಾರಿತೆಂಬುದು ಪ್ರತಿವಾದವಾಗಿತ್ತು. ಜ್ಯೂರಿಯು 8-1 ಬಹುಮತದಿಂದ ತಪ್ಪಿತಸ್ಥನಲ್ಲವೆಂದಿತು. ಅದನ್ನು ಒಪ್ಪದ ಸೆಷನ್ಸ್ ನ್ಯಾಯಾಧೀಶರು ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ನಿರ್ದೇಶಿಸಿದರು. ಆಕಸ್ಮಿಕವೆಂಬ ವಿನಾಯಿತಿಯನ್ನು ರುಜುವಾತುಪಡಿಸುವ ಹೊಣೆ ಆರೋಪಿಯದೆಂಬುದನ್ನು ಜ್ಯೂರಿಗೆ ತಿಳಿಸದಿದ್ದುದೂ ಸೇರಿದಂತೆ ನಿರ್ದೇಶನದಲ್ಲಿ ಹಲವು ದೋಷಗಳಿದ್ದುವೆಂದು ಕಂಡುಕೊಂಡ ಉಚ್ಚ ನ್ಯಾಯಾಲಯವು 1960ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 1961ರ ನವೆಂಬರ್ 24ರಂದು ಅದನ್ನು ಎತ್ತಿಹಿಡಿಯಿತು.

ಅಲ್ಲಿ ವಾದಿಸಲಾದದ್ದು ಆಕಸ್ಮಿಕ, ಆತ್ಮರಕ್ಷಣೆಯಲ್ಲ. ಆದರೆ ಎರಡೂ ದಂಡ ಸಂಹಿತೆಯ ಒಂದೇ ಅಧ್ಯಾಯದ ಸಾಮಾನ್ಯ ವಿನಾಯಿತಿಗಳಾಗಿದ್ದು, ರುಜುವಾತಿನ ಹೊಣೆಯ ನಿಯಮವೂ ಒಂದೇ. ಆದುದರಿಂದ ಆ ತೀರ್ಪಿನಲ್ಲಿ ಹೊಣೆಯ ಬಗ್ಗೆ ನೀಡಿದ ವಿವರಣೆಯು ಖಾಸಗಿ ರಕ್ಷಣೆಯ ಪ್ರಕರಣಗಳಿಗೂ ಪ್ರಸ್ತುತವಾಗಿದೆ.

ಜ್ಯೂರಿಯನ್ನು ಕೈಬಿಡಬೇಕೆಂದು ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿಯೇ ಶಿಫಾರಸು ಮಾಡಿತ್ತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ 1973ರ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವಿರಲಿಲ್ಲ. 2023ರ ಸಂಹಿತೆಯಲ್ಲಿಯೂ ಇಲ್ಲ. ಈಗ ಸೆಷನ್ಸ್ ನ್ಯಾಯಾಧೀಶರು ಕಾನೂನನ್ನೂ ಸಂಗತಿಯನ್ನೂ ತಾವೇ ನಿರ್ಣಯಿಸಿ, ನಿರ್ಣಯಿಸಬೇಕಾದ ಅಂಶಗಳು, ಪ್ರತಿಯೊಂದರ ಮೇಲಿನ ನಿರ್ಣಯ ಮತ್ತು ಅದಕ್ಕೆ ಕಾರಣಗಳನ್ನು ತೀರ್ಪಿನಲ್ಲಿ ಬರೆಯಬೇಕು. ಹಿಂದೆ ಜ್ಯೂರಿಗೆ ಬಾಯಿಮಾತಿನಲ್ಲಿ ಹೇಳುತ್ತಿದ್ದುದು ಈಗ ತೀರ್ಪಿನ ಲಿಖಿತ ಕಾರಣಗಳಲ್ಲಿ ಇರುತ್ತದೆ. ಮೇಲ್ಮನವಿ ನ್ಯಾಯಾಲಯವು ಆ ಕಾರಣಗಳನ್ನು ಮಾತ್ರವಲ್ಲದೆ, ಲೆಕ್ಕ ಪರಿಶೋಧನೆಯಲ್ಲಿ ಮೊತ್ತವನ್ನು ಮಾತ್ರ ನೋಡದೆ ವೋಚರುಗಳನ್ನೂ ನೋಡುವಂತೆ, ಅವುಗಳ ಹಿಂದಿನ ಪ್ರತಿಯೊಂದು ಸಾಕ್ಷ್ಯವನ್ನೂ ಪರಿಶೀಲಿಸಬಹುದು.

8. ಮೇಲ್ಮನವಿಯಲ್ಲಿ ಪರಿಶೀಲಿಸಲಾಗುವ ಅಂಶಗಳು

ಖಾಸಗಿ ರಕ್ಷಣೆಯ ವಾದವಿರುವ ಮೇಲ್ಮನವಿಗಳಲ್ಲಿ ಸಾಮಾನ್ಯವಾಗಿ ಕೆಳಕಂಡ ಅಂಶಗಳು ಮುಖ್ಯವಾಗುತ್ತವೆ.

(ಅ) ಮೊದಲು ದಾಳಿ ಮಾಡಿದವರು ಯಾರು; ಘಟನೆ ನಡೆದ ಸ್ಥಳ ಯಾರ ಸ್ವಾಧೀನದಲ್ಲಿತ್ತು.

(ಆ) ಆರೋಪಿಯ ದೇಹದ ಮೇಲೆ ಗಾಯಗಳಿದ್ದುವೇ. ಇದ್ದರೆ ಅಭಿಯೋಜನೆಯು ಅವುಗಳನ್ನು ವಿವರಿಸಿದೆಯೇ. ಲಕ್ಷ್ಮಿ ಸಿಂಗ್ ಪ್ರಕರಣದ (1976) ತೀರ್ಪಿನಂತೆ, ಅದೇ ಘಟನೆಯಲ್ಲಿ ಆರೋಪಿಗಾದ ಗಂಭೀರ ಗಾಯಗಳನ್ನು ವಿವರಿಸದಿದ್ದರೆ ಜಗಳದ ಮೂಲವನ್ನು ಮರೆಮಾಚಲಾಗಿದೆಯೆಂದು ನ್ಯಾಯಾಲಯವು ಊಹಿಸಲು ಅವಕಾಶವಿದೆ. ಸಣ್ಣಪುಟ್ಟ ತರಚು ಗಾಯಗಳಿಗೆ ಈ ಮಹತ್ವ ಸಿಗದಿರಬಹುದು.

(ಇ) ಮೃತರ ಗಾಯಗಳ ಸಂಖ್ಯೆ, ಆಳ ಮತ್ತು ಜಾಗ. ಎದುರಿನಿಂದ ಬಿದ್ದ ಒಂದು ಏಟು ಮತ್ತು ಬೆನ್ನಿನ ಮೇಲೆ ಬಿದ್ದ ಹಲವು ಏಟುಗಳು ಬೇರೆ ಬೇರೆ ಕಥೆ ಹೇಳುತ್ತವೆ.

(ಈ) ಆಯುಧವು ಕೆಲಸಕ್ಕೆಂದು ಕೈಯಲ್ಲಿದ್ದುದೇ ಅಥವಾ ಜಗಳಕ್ಕೆಂದು ತಂದುದೇ.

(ಉ) ಎರಡೂ ಕಡೆಯಿಂದ ದೂರು ದಾಖಲಾಗಿದೆಯೇ. ಒಂದೇ ಘಟನೆಯ ದೂರು ಮತ್ತು ಪ್ರತಿದೂರಿನ ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ಒಂದರ ನಂತರ ಒಂದರಂತೆ ವಿಚಾರಣೆ ನಡೆಸಿ ತೀರ್ಪು ನೀಡುವುದು ಸೂಕ್ತವೆಂದು ನಾಥಿ ಲಾಲ್ ಪ್ರಕರಣದಲ್ಲಿ (1990) ಹೇಳಲಾಗಿದೆ.

9. ಒಂದು ಕಲ್ಪಿತ ಉದಾಹರಣೆ

ಹಲಗೇರಿ ಸುತ್ತಿನ ಒಂದು ಹಳ್ಳಿಯಲ್ಲಿ ‘ಕ’ ಮತ್ತು ‘ಖ’ ಎಂಬ ರೈತರ ನಡುವೆ ಹೊಲದ ಬದುವಿನ ವ್ಯಾಜ್ಯವಿದೆಯೆಂದು ಭಾವಿಸೋಣ. ‘ಕ’ ತನ್ನ ಹೊಲದಲ್ಲಿ ಕುಡುಗೋಲು ಹಿಡಿದು ಮೇವು ಕೊಯ್ಯುತ್ತಿರುವಾಗ ‘ಖ’ ಬಡಿಗೆ ಹಿಡಿದು ಬಂದು ಆತನ ತಲೆಗೆ ಹೊಡೆಯುತ್ತಾನೆ.

‘ಖ’ ಎರಡನೆಯ ಏಟಿಗೆ ಬಡಿಗೆ ಎತ್ತಿದಾಗ ‘ಕ’ ಕುಡುಗೋಲು ಬೀಸಿ, ಆ ಒಂದೇ ಗಾಯದಿಂದ ‘ಖ’ ಮೃತಪಟ್ಟರೆ, ಖಾಸಗಿ ರಕ್ಷಣೆಯ ಹಕ್ಕು ಪೂರ್ಣವಾಗಿ ಅನ್ವಯಿಸುವ ಸಂಭವವಿದೆ.

ಅದೇ ಗಾಬರಿಯಲ್ಲಿ, ಅವಶ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ ‘ಕ’ ಮತ್ತೊಂದು ಏಟು ಹಾಕಿದ್ದು ಮರಣಕ್ಕೆ ಕಾರಣವಾದರೆ, ಮಿತಿ ಮೀರಿದ ಹಕ್ಕಿನ ವಿನಾಯಿತಿಯು ಪರಿಗಣನೆಗೆ ಬರಬಹುದು.

‘ಖ’ ಬಡಿಗೆ ಬಿಸಾಡಿ ಓಡುವಾಗ ‘ಕ’ ಬೆನ್ನಟ್ಟಿ ಹಿಂದಿನಿಂದ ಹೊಡೆದರೆ, ಅಥವಾ ಮನೆಗೆ ಹೋಗಿ ಕೊಡಲಿ ತಂದು ಒಂದು ಗಂಟೆಯ ನಂತರ ಹೊಡೆದರೆ, ಖಾಸಗಿ ರಕ್ಷಣೆಯ ಹಕ್ಕು ಉಳಿದಿರುವುದಿಲ್ಲ. ಆ ಒಂದು ಗಂಟೆಯಲ್ಲಿ ಹಲಗೇರಿ ಪೊಲೀಸ್ ಠಾಣೆಗೆ ಹೋಗುವ ದಾರಿ ತೆರೆದಿತ್ತು.

ಮೊದಲನೆಯ ಸಂದರ್ಭವೂ ರುಜುವಾತಾಗಬೇಕಾದರೆ ‘ಕ’ನ ತಲೆಯ ಗಾಯವು ಅಂದೇ ಸರ್ಕಾರಿ ಆಸ್ಪತ್ರೆಯ ದಾಖಲೆಗೆ ಬಂದಿರಬೇಕು. ಬಂಧನದ ಸಮಯದಲ್ಲಿ ವೈದ್ಯಕೀಯ ಪರೀಕ್ಷೆಯಾದಾಗ ಗಾಯಗಳನ್ನು ವೈದ್ಯರಿಗೆ ತೋರಿಸದೆ ಹೋದರೆ, ವರ್ಷಗಳ ನಂತರ ಮೇಲ್ಮನವಿಯಲ್ಲಿ ಬಾಯಿಮಾತಿನಿಂದ ಅದನ್ನು ತುಂಬಲಾಗುವುದಿಲ್ಲ. ಮೇಲ್ಮನವಿ ನ್ಯಾಯಾಲಯವು ಹೆಚ್ಚುವರಿ ಸಾಕ್ಷ್ಯ ಪಡೆಯಲು ಕಲಂ 432ರಡಿ ಅಧಿಕಾರ ಹೊಂದಿದ್ದರೂ, ಅದನ್ನು ಅವಶ್ಯವೆಂದು ಕಂಡಾಗ ಮಾತ್ರ ಬಳಸುತ್ತದೆ.

10. ಮೇಲ್ಮನವಿಯನ್ನು ಎಲ್ಲಿ, ಯಾವ ಅವಧಿಯಲ್ಲಿ ಸಲ್ಲಿಸಬೇಕು

ಹಾವೇರಿ ಜಿಲ್ಲೆಯ ಸೆಷನ್ಸ್ ನ್ಯಾಯಾಲಯದ ಅಪರಾಧ ನಿರ್ಣಯದ ವಿರುದ್ಧ ಮೇಲ್ಮನವಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಸಲ್ಲಿಸಬೇಕು. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಇದು 2013ರ ಆಗಸ್ಟ್‌ನಲ್ಲಿ ಕಾಯಂ ಪೀಠವಾಯಿತು. ಅದಕ್ಕೂ ಮುನ್ನ ಈ ಭಾಗದ ಕಕ್ಷಿದಾರರು ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾಗಿತ್ತು.

ಅವಧಿ: ಜೀವಾವಧಿ ಅಥವಾ ಇತರ ಕಾರಾವಾಸದ ಶಿಕ್ಷೆಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ 60 ದಿನಗಳು, ಮರಣದಂಡನೆಯಾಗಿದ್ದರೆ 30 ದಿನಗಳು. ತೀರ್ಪಿನ ಪ್ರಮಾಣೀಕೃತ ಪ್ರತಿ ಪಡೆಯಲು ತಗುಲಿದ ಕಾಲವನ್ನು ಈ ಅವಧಿಯಿಂದ ಕಳೆಯಲಾಗುತ್ತದೆ. ಅವಧಿ ಮೀರಿದ್ದರೆ ಸಾಕಷ್ಟು ಕಾರಣ ತೋರಿಸಿ ವಿಳಂಬ ಮನ್ನಾ ಅರ್ಜಿ ಸಲ್ಲಿಸಬಹುದು. ಮರಣದಂಡನೆಯನ್ನು ಉಚ್ಚ ನ್ಯಾಯಾಲಯವು ದೃಢೀಕರಿಸದೆ ಜಾರಿಗೊಳಿಸುವಂತಿಲ್ಲ.

ತೀರ್ಪಿನ ಪ್ರತಿ: ಕಾರಾವಾಸದ ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ನೀಡತಕ್ಕದ್ದು (ಕಲಂ 404).

ಕಾರಾಗೃಹದಿಂದ ಮೇಲ್ಮನವಿ: ಶಿಕ್ಷಿತನು ಕಾರಾಗೃಹದಲ್ಲಿದ್ದರೆ ಮೇಲ್ಮನವಿ ಅರ್ಜಿಯನ್ನು ಕಾರಾಗೃಹದ ಅಧಿಕಾರಿಗೆ ನೀಡಬಹುದು, ಅವರು ಅದನ್ನು ನ್ಯಾಯಾಲಯಕ್ಕೆ ಕಳುಹಿಸಬೇಕು (ಕಲಂ 424). ವಕೀಲರಿಗೆ ಹಣ ಹೊಂದಿಸಲಾಗಲಿಲ್ಲವೆಂದು ಅವಧಿ ಕಳೆದುಕೊಳ್ಳುವ ಅವಶ್ಯಕತೆಯಿಲ್ಲ.

ಮೇಲ್ಮನವಿ ನ್ಯಾಯಾಲಯವು ಕಲಂ 427ರಡಿ ಅಪರಾಧ ನಿರ್ಣಯವನ್ನು ರದ್ದುಪಡಿಸಿ ಬಿಡುಗಡೆ ಮಾಡಬಹುದು, ಮರುವಿಚಾರಣೆಗೆ ಆದೇಶಿಸಬಹುದು, ಕೊಲೆಯ ನಿರ್ಣಯವನ್ನು ಕಡಿಮೆ ಅಪರಾಧಕ್ಕೆ ಬದಲಿಸಬಹುದು ಅಥವಾ ಶಿಕ್ಷೆಯನ್ನು ಮಾರ್ಪಡಿಸಬಹುದು. ಶಿಕ್ಷಿತನೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಆದುದರಿಂದ ಮೇಲ್ಮನವಿ ಸಲ್ಲಿಸಿದರೆ ಶಿಕ್ಷೆ ಹೆಚ್ಚಾದೀತೆಂಬ ಭಯದಿಂದ ಹಿಂಜರಿಯಬೇಕಾಗಿಲ್ಲ. ಶಿಕ್ಷೆ ಸಾಲದೆಂದು ಸರ್ಕಾರವು ಪ್ರತ್ಯೇಕ ಮೇಲ್ಮನವಿ ಸಲ್ಲಿಸಿದಾಗಲೂ, ಶಿಕ್ಷಿತನ ಅಹವಾಲನ್ನು ಕೇಳದೆ ಶಿಕ್ಷೆ ಹೆಚ್ಚಿಸುವಂತಿಲ್ಲ.

11. ಶಿಕ್ಷೆಯ ಅಮಾನತು ಮತ್ತು ಜಾಮೀನು

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿ ಜಾಮೀನಿನ ಮೇಲೆ ಬಿಡುಗಡೆ ಮಾಡುವಂತೆ ಕಲಂ 430ರಡಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಮರಣದಂಡನೆ, ಜೀವಾವಧಿ ಅಥವಾ 10 ವರ್ಷಕ್ಕೆ ಕಡಿಮೆಯಲ್ಲದ ಕಾರಾವಾಸದ ಪ್ರಕರಣಗಳಲ್ಲಿ ಜಾಮೀನು ನೀಡುವ ಮೊದಲು ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ನೀಡಬೇಕು. ಇದು ನ್ಯಾಯಾಲಯದ ವಿವೇಚನೆಗೆ ಸೇರಿದ ವಿಷಯ. ಖಚಿತವಾಗಿ ಜಾಮೀನು ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ಸಾರ್ವಜನಿಕರು ನಂಬಬಾರದು.

12. ಮೃತರ ಕುಟುಂಬದವರ ಹಕ್ಕುಗಳು

ಕೊಲೆ ಪ್ರಕರಣದಲ್ಲಿ ಎರಡು ಕುಟುಂಬಗಳು ನೊಂದಿರುತ್ತವೆ. ಆರೋಪಿಯು ಬಿಡುಗಡೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ ಅಥವಾ ಪರಿಹಾರ ಸಾಲದಾದರೆ, ಸಂತ್ರಸ್ತರು ಕಲಂ 413ರ ಪರಂತುಕದಂತೆ ಸ್ವತಃ ಮೇಲ್ಮನವಿ ಸಲ್ಲಿಸಬಹುದು. ಮೃತರ ಕಾನೂನುಬದ್ಧ ವಾರಸುದಾರರೂ ಸಂತ್ರಸ್ತರ ವ್ಯಾಖ್ಯೆಯಲ್ಲಿ ಸೇರುತ್ತಾರೆ. ಬಿಡುಗಡೆಯ ವಿರುದ್ಧ ಸಂತ್ರಸ್ತರು ಮೇಲ್ಮನವಿ ಸಲ್ಲಿಸಲು ಪೂರ್ವಾನುಮತಿ ಬೇಕಾಗಿಲ್ಲವೆಂದು, ನಮ್ಮ ರಾಜ್ಯದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 12ರಂದು ತೀರ್ಪು ನೀಡಿದೆ.

ಆದರೆ ಬಿಡುಗಡೆಯ ತೀರ್ಪನ್ನು ಬದಲಿಸುವುದು ಸುಲಭವಲ್ಲ. ಕರ್ನಾಟಕದ್ದೇ ಆದ ಚಂದ್ರಪ್ಪ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯವು, ಮೇಲ್ಮನವಿ ನ್ಯಾಯಾಲಯಕ್ಕೆ ಸಾಕ್ಷ್ಯವನ್ನು ಪೂರ್ಣವಾಗಿ ಮರುಪರಿಶೀಲಿಸುವ ಅಧಿಕಾರವಿದ್ದರೂ, ಬಿಡುಗಡೆಯಾದವರ ನಿರ್ದೋಷಿತ್ವದ ಭಾವನೆಯು ಆ ತೀರ್ಪಿನಿಂದ ಮತ್ತಷ್ಟು ಬಲಗೊಳ್ಳುತ್ತದೆ, ಎರಡು ಸಕಾರಣ ಅಭಿಪ್ರಾಯಗಳು ಸಾಧ್ಯವಿದ್ದಾಗ ಬಿಡುಗಡೆಯನ್ನು ಕದಲಿಸಬಾರದು ಎಂದು ಹೇಳಿದೆ.

ದುಡಿಯುವ ವ್ಯಕ್ತಿಯನ್ನು ಕಳೆದುಕೊಂಡ ಕುಟುಂಬವು ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ (ಕಲಂ 396).

13. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಅಭಿರಕ್ಷೆಯಲ್ಲಿರುವ ವ್ಯಕ್ತಿಗಳು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ಧಾರವಾಡದ ಉಚ್ಚ ನ್ಯಾಯಾಲಯ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ 15100. ಕಾರಾಗೃಹದಲ್ಲಿರುವವರು ಕಾರಾಗೃಹದ ಅಧೀಕ್ಷಕರ ಮೂಲಕವೂ ಅರ್ಜಿ ಸಲ್ಲಿಸಬಹುದು.

14. ಅರ್ಜಿದಾರರು ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

– ಸೆಷನ್ಸ್ ನ್ಯಾಯಾಲಯದ ತೀರ್ಪು ಮತ್ತು ಶಿಕ್ಷೆಯ ಆದೇಶದ ಪ್ರಮಾಣೀಕೃತ ಪ್ರತಿ
– ಪ್ರಥಮ ವರ್ತಮಾನ ವರದಿ, ದೋಷಾರೋಪಣ ಪಟ್ಟಿ ಮತ್ತು ಪ್ರತಿದೂರು ಇದ್ದರೆ ಅದರ ಪ್ರತಿ
– ಆರೋಪಿ ಹಾಗೂ ಇತರ ಗಾಯಾಳುಗಳ ಗಾಯದ ಪ್ರಮಾಣಪತ್ರಗಳು, ಮರಣೋತ್ತರ ಪರೀಕ್ಷಾ ವರದಿ
– ಸಾಕ್ಷಿಗಳ ಹೇಳಿಕೆ ಮತ್ತು ಪಾಟೀಸವಾಲಿನ ಪ್ರತಿಗಳು, ಸ್ಥಳ ಪಂಚನಾಮೆ ಮತ್ತು ನಕ್ಷೆ
– ಜಮೀನಿನ ವ್ಯಾಜ್ಯವಿದ್ದರೆ ಪಹಣಿ ಮತ್ತು ಸಿವಿಲ್ ನ್ಯಾಯಾಲಯದ ಆದೇಶಗಳು
– ಶಿಕ್ಷಿತನು ಕಾರಾಗೃಹದಲ್ಲಿ ಕಳೆದ ಅವಧಿಯ ಪ್ರಮಾಣಪತ್ರ

ಉಚ್ಚ ನ್ಯಾಯಾಲಯದಲ್ಲಿಯೂ ಪರಿಹಾರ ದೊರೆಯದಿದ್ದರೆ ಸರ್ವೋಚ್ಚ ನ್ಯಾಯಾಲಯಕ್ಕೆ ವಿಶೇಷ ಅನುಮತಿ ಅರ್ಜಿಯನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಸಲ್ಲಿಸಬಹುದು. ಅಲ್ಲಿ ಅನುಮತಿ ನೀಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಸಂಗತಿಗಳ ಪೂರ್ಣ ಮರುಪರಿಶೀಲನೆಯು ಹಕ್ಕಾಗಿ ದೊರೆಯುವುದು ಉಚ್ಚ ನ್ಯಾಯಾಲಯದಲ್ಲಿ. ಆದುದರಿಂದ ಸಾರ್ವಜನಿಕರು ಧಾರವಾಡ ಪೀಠದ ಮುಂದಿನ ಈ ಮೇಲ್ಮನವಿಯನ್ನು ಅವಧಿಯೊಳಗೆ, ಸಂಪೂರ್ಣ ದಾಖಲೆಗಳೊಂದಿಗೆ ಸಲ್ಲಿಸಲು ಕೋರಲಾಗಿದೆ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ನಿರ್ದಿಷ್ಟ ಪ್ರಕರಣದ ಬಗ್ಗೆ ವಕೀಲರಿಂದ ಅಥವಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಸಲಹೆ ಪಡೆಯತಕ್ಕದ್ದು.